ಗೋಡೆಗೆ ಮೂರು ಹೊತ್ತೂ ನೀರು

ಗೋಡೆಗಳಿಗೆ ನೀರು ಕುಡಿಸುವುದು ಉಚ್ಚಂಗೆಮ್ಮನ ಕೆಲಸ. ಬೆಳಿಗ್ಗೆ ಒಮ್ಮೆ, ಬಿಸಿಲು ನೆತ್ತಿಗೆ ಬಂದಾಗ ಒಮ್ಮೆ, ಹೊತ್ತು ಇಳಿದಾಗ ಒಮ್ಮೆ. ಹೊಸ ಗೋಡೆಗೆ ನೀರು ತಪ್ಪಬಾರದು, ತಪ್ಪಿದರೆ ಸಿಮೆಂಟು ಬಿರಿಯುತ್ತದೆ ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದ. ಪೈಪು ಮುಟ್ಟದ ಕಡೆಗೆ ಬಿಂದಿಗೆ ಹೊತ್ತು ಏಣಿ ಹತ್ತಬೇಕು. ಕಂಬಗಳಿಗೆ ಸುತ್ತಿದ ಗೋಣಿತಟ್ಟು ಒಣಗಲು ಬಿಡಬಾರದು. ಸಂಜೆಯ ಹೊತ್ತಿಗೆ ಅವಳ ಎಡಭುಜ ಮರಗಟ್ಟುತ್ತಿತ್ತು. ತೊಯ್ದ ಸೀರೆ ತೊಡೆಗಳನ್ನು ಉಜ್ಜಿ ಉಜ್ಜಿ ಚರ್ಮ ಸುಲಿಯುತ್ತಿತ್ತು.

ಅವಳ ಕೇರಿಯ ನಲ್ಲಿಗೆ ವಾರಕ್ಕೊಮ್ಮೆ ನೀರು ಬರುತ್ತಿತ್ತು. ಕೆಲವು ವಾರ ಅದೂ ಇಲ್ಲ.

ಅವಳಿಗೆ ಆ ಗೋಡೆಗಳನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಯಾರೆದುರೂ ಆಡುವಂತಿರಲಿಲ್ಲ. ಮನುಷ್ಯರನ್ನು ಕಂಡು ಕರುಬಿದರೆ ಜನ ಒಪ್ಪುತ್ತಾರೆ, ಗೋಡೆಯನ್ನು ಕಂಡು ಕರುಬಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಆದರೆ ಬಿಸಿಲಿಗೆ ನಾಲಿಗೆ ಒಣಗಿ ನಿಂತವಳ ಕಣ್ಣೆದುರು ಇಟ್ಟಿಗೆ ಗಟಗಟ ನೀರು ಹೀರಿಕೊಳ್ಳುವಾಗ ಒಳಗೆ ಏನೋ ಹೊತ್ತಿಕೊಳ್ಳುತ್ತಿತ್ತು.

ಹೊಸಪೇಟೆಯ ಅಂಚಿನಲ್ಲಿ, ಕಾಲುವೆಯ ಮಗ್ಗುಲಿಗೆ ಅವಳ ಕೇರಿ. ಕೇರಿಯ ಮುಂದಿನದೆಲ್ಲ ಹಿಂದೆ ಹಾಲಸ್ವಾಮಿ ಧಣಿಯ ಬಾಳೆ ತೋಟ. ಆ ಕೇರಿಯಲ್ಲೇ ಹುಟ್ಟಿ ಅಲ್ಲಿಗೇ ಸೊಸೆಯಾದ ಉಚ್ಚಂಗೆಮ್ಮ ಮೈನೆರೆಯುವ ಮೊದಲೇ ಆ ತೋಟಕ್ಕೆ ಇಳಿದವಳು. ಕಳೆ ಕಿತ್ತಿದ್ದಳು, ಗೊನೆ ಹೊತ್ತಿದ್ದಳು. ಬಾಳೆಯ ಕಂದು ಕಡಿಯುವಾಗ ಎರಡು ಬೆರಳು ಸೀಳಿಕೊಂಡಿದ್ದಳು. ಧಣಿಯ ಮಗ ಸಿದ್ದಲಿಂಗೇಶ್ ಕೂಸಾಗಿದ್ದಾಗ, ಅವನ ಜೋಲಿಯನ್ನು ಬದುವಿನ ಬೇವಿನ ಮರಕ್ಕೆ ಕಟ್ಟಿ ತೂಗುವ ಕೆಲಸವೂ ಅವಳ ಪಾಲಿಗಿತ್ತು. ಜೋಲಿಯ ಹಗ್ಗ ಮುಟ್ಟಬಹುದಿತ್ತು. ಕೂಸನ್ನು ಮುಟ್ಟುವಂತಿರಲಿಲ್ಲ. ಹಾಲಸ್ವಾಮಿ ತೀರಿಕೊಂಡ ಮೇಲೆ ಸಿದ್ದಲಿಂಗೇಶ್ ಬಾಳೆ ಕೀಳಿಸಿದ, ಮಣ್ಣು ತಟ್ಟಿಸಿದ, ಕಲ್ಲು ನೆಡಿಸಿದ. ತೋಟ ಲೇಔಟಾಯಿತು. ತೋಟದಲ್ಲಿ ದುಡಿದವರೇ ಲೇಔಟಿನಲ್ಲಿ ಕಲ್ಲು ಮಣ್ಣು ಹೊತ್ತರು.

ಗೋಡೆಯ ಮೇಲಿನ ಕಿಚ್ಚು ಹಗಲಿಗೆ ಸೀಮಿತವಾಗಿತ್ತು. ಮನೆಗೆ ಬಂದರೆ ಇನ್ನೊಂದು ಕಿಚ್ಚು ಕಾದಿರುತ್ತಿತ್ತು. ಅದರ ಹೆಸರು ಅನುಸೂಯಾ.

ಅನುಸೂಯಾ ಅವಳ ವಾರಗಿತ್ತಿ. ಗಂಡ ಓಬಳಪ್ಪನ ತಮ್ಮ ಮೂಕಪ್ಪನ ಹೆಂಡತಿ. ಅಣ್ಣತಮ್ಮಂದಿರ ಮನೆಗಳಿಗೆ ನಡುವೆ ಒಂದೇ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆ ಕೇಳುತ್ತಿತ್ತು, ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಮೂಗು ಅರಳುತ್ತಿತ್ತು. ಅನುಸೂಯಾ ಯಶವಂತನಗರದ ಕಡೆಯವಳು. ಅವಳು ಚಿಕ್ಕವಳಿದ್ದಾಗ ಅದಿರಿನ ಲಾರಿಗಳು ಅವರ ಹಟ್ಟಿಯ ಮುಂದೆ ರಸ್ತೆ ಮಾಡಿಕೊಂಡು, ಕೊನೆಗೆ ಹಟ್ಟಿಯನ್ನೇ ನುಂಗಿದ್ದವು. ಅಂದಿನಿಂದ ಅವಳಿಗೆ ಒಂದು ಗೀಳು. ಎಲ್ಲಿದ್ದರೂ ಹೊರಡಲು ಸಿದ್ಧಳಾಗಿ ಇರುವುದು.

ಲೇಔಟಿನ ಕಲ್ಲು ನೆಟ್ಟ ವರ್ಷವೇ ಅವಳು ಶುರುವಿಟ್ಟುಕೊಂಡಳು. ಹಳೆಯ ಎಣ್ಣೆ ಡ್ರಮ್ಮು ತಂದು, ತಿಕ್ಕಿ ತೊಳೆದು, ಜೋಳಕ್ಕೆ ಬೂದಿ, ಬೇವಿನೆಲೆ ಕಲಸಿ ತುಂಬಿಟ್ಟಳು. ಕೂಲಿಗೆ ಜೋಳ ಕೊಡುವ ಕಡೆಗೇ ಸುಗ್ಗಿಗೆ ಹೋದಳು. ಸಜ್ಜೆ, ನವಣೆ, ಹುರುಳಿಯ ಬೀಜ ಗಂಟು ಕಟ್ಟಿ ಜಂತಿಗೆ ತೂಗುಹಾಕಿದಳು. ಆಡು ಸಾಕಿದಳು. ಆಡಾದರೆ ತಾನೇ ನಡೆದು ಬರುತ್ತದೆ, ಎಮ್ಮೆಗೆ ಗಾಡಿ ಬೇಕು ಎಂಬುದು ಅವಳ ಲೆಕ್ಕ. ಸಂಡೂರಿನ ಗುಡ್ಡದ ಬುಡದಲ್ಲಿ ಅವಳ ಅಣ್ಣನ ಪಾಲಿಗೆ ಬಂದಿದ್ದ ನೆಲದಲ್ಲಿ ಒಂದು ತುಂಡನ್ನು ಕೇಳಿ ಪಡೆದು, ಕೂಲಿ ಇಲ್ಲದ ದಿನ ಬಸ್ಸು ಹತ್ತಿ ಹೋಗಿ ಹಸನು ಮಾಡುತ್ತಿದ್ದಳು.

ಉಚ್ಚಂಗೆಮ್ಮ ಇದನ್ನೆಲ್ಲ ನಲ್ಲಿಯ ಹತ್ತಿರ ಹೇಳಿ ನಗಿಸುತ್ತಿದ್ದಳು. ಕೇರಿಯ ಮುದುಕಿ ಕರೆಮ್ಮ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಅನುಸೂಯಾ ಸಿಟ್ಟಾಗುತ್ತಿರಲಿಲ್ಲ.

“ಊರು ಒಂದ ದಿನದಾಗ ಹೋಗಂಗಿಲ್ಲಕ್ಕ,” ಅಂದಿದ್ದಳು ಒಮ್ಮೆ. “ಮೊದ್ಲ ದಾರಿ ಹೋಗ್ತೈತಿ. ಆಮ್ಯಾಲ ನೀರು. ಆಮ್ಯಾಲ ಊರು.”

ನಗಿಸಿ ಮನೆಗೆ ಬಂದ ಉಚ್ಚಂಗೆಮ್ಮನಿಗೆ ಊಟ ಸೇರುತ್ತಿರಲಿಲ್ಲ. ಅವಳ ಗಂಡ ಗಣಿಯ ಭರಾಟೆಯ ಕಾಲದಲ್ಲಿ ಲಾರಿಗೆ ಅದಿರು ತುಂಬಿ ಎದೆ ಕೆಡಿಸಿಕೊಂಡವನು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅವಳಿಗೆ ಗುಡ್ಡ ಕೊಡುವ ಅಣ್ಣನಿಲ್ಲ. ಡ್ರಮ್ಮಿಲ್ಲ, ಆಡಿಲ್ಲ. ಅನುಸೂಯಾ ಸಂಡೂರಿನ ಬಸ್ಸಿಳಿದು ಕೆಂಪು ಧೂಳು ಮೆತ್ತಿದ ಕಾಲಿನಲ್ಲಿ ಬರುವಾಗ ಉಚ್ಚಂಗೆಮ್ಮ ಆ ಕಾಲುಗಳನ್ನೇ ನೋಡುತ್ತಿದ್ದಳು. ಎಂಥ ಹೊಲವೋ. ಅಲ್ಲಿ ಬಾವಿ ಇರಬೇಕು. ಮಾವಿನ ಮರ ಇರಬೇಕು. ಮಳೆ ಹಿಡಿದರೆ ಮೊಣಕಾಲುದ್ದ ಸಜ್ಜೆ. ಕಾಣದ ಆ ಹೊಲ ಅವಳ ತಲೆಯಲ್ಲಿ ದಿನೇದಿನೇ ಬೆಳೆಯಿತು.

ಆ ವರ್ಷದ ಬೇಸಿಗೆ ಹಿಡಿಯುವ ಮೊದಲೇ ದಾರಿ ಹೋಯಿತು. ಕೇರಿಯಿಂದ ರಸ್ತೆಗೆ ಹೋಗುವ ಹಾದಿಗೆ ಅಡ್ಡವಾಗಿ ಲೇಔಟಿನ ಕಾಂಪೌಂಡು ಎದ್ದಿತು. ಕಬ್ಬಿಣದ ಗೇಟು ಬಂತು, ಗೇಟಿಗೆ ಕಾವಲುಗಾರ ಬಂದ. ಕೆಲಸಕ್ಕೆ ಬರುವವರಿಗೆ ಕೊರಳಿಗೆ ಗುರುತಿನ ಚೀಟಿ ಕೊಟ್ಟರು. ಉಳಿದವರು ಕಾಲುವೆಯ ದಂಡೆ ಹಿಡಿದು, ಊರಿನ ಕೊಳಚೆ ಸೇರುವ ಮೋರಿ ದಾಟಿ ಹೋಗಬೇಕು. ಕೇರಿಯ ಒಬ್ಬ ಬಸುರಿಯನ್ನು ಮಂಚದ ಮೇಲೆ ಮಲಗಿಸಿ ಆ ದಂಡೆಯ ಮೇಲೆಯೇ ಹೊತ್ತು ಸಾಗಿಸಿದರು. ಗೇಟಿನ ಒಳಗೆ ಹೊಸ ಡಾಂಬರು ರಸ್ತೆ ಖಾಲಿ ಬಿದ್ದಿತ್ತು.

ಗೋಡೆಗೆ ನೀರು ಹೊಡೆಯುತ್ತಿದ್ದ ಉಚ್ಚಂಗೆಮ್ಮ ಒಂದು ಮಧ್ಯಾಹ್ನ ಪೈಪಿನ ಕೆಳಗೆ ಬೊಗಸೆಯೊಡ್ಡಿ ನೀರು ಕುಡಿದಳು. ಆ ಮನೆ ಕಟ್ಟಿಸುತ್ತಿದ್ದ ತ್ರಿವೇಣಿ ಅಂದು ಕೆಲಸ ನೋಡಲು ಬಂದಿದ್ದಳು. ಬ್ಯಾಂಕಿನಲ್ಲಿ ಕೆಲಸ, ಮೆತ್ತಗಿನ ಮಾತು. ಗದರಲಿಲ್ಲ. ಹತ್ತಿರ ಬಂದು ಬಹುವಚನದಲ್ಲೇ ಹೇಳಿದಳು.

“ಪೈಪಿಗೆ ಬಾಯಿ ಹಚ್ಚಬ್ಯಾಡ್ರಿ. ಅದು ನಮ್ಮ ನೀರಿನ ಸಂಪಿನಾಗ ಬೀಳ್ತೈತಿ. ಹೈಜೀನ್ ಅಂತ ಇರ್ತದಲ್ರೀ.”

ಬಾಯಿ ಹಚ್ಚಿಲ್ಲ, ಕೈಯೊಡ್ಡಿ ಕುಡಿದೆ ಎಂದು ಉಚ್ಚಂಗೆಮ್ಮ ಹೇಳಿದಳು. ತ್ರಿವೇಣಿ ತಲೆಯಾಡಿಸಿ, ಕಾರಿನಿಂದ ಸೋಪಿನ ತುಂಡು ತಂದುಕೊಟ್ಟಳು. ಉಚ್ಚಂಗೆಮ್ಮ ಪೈಪಿನ ತುದಿಯನ್ನು ಸೋಪು ಹಚ್ಚಿ ತೊಳೆದಳು. ತ್ರಿವೇಣಿ ನಿಂತು ನೋಡಿದಳು. ಸಾಕೇ ಎಂದು ಕೇಳಿದಳು ಉಚ್ಚಂಗೆಮ್ಮ. ಇನ್ನೊಮ್ಮೆ ಎಂದಳು ತ್ರಿವೇಣಿ. ಇನ್ನೊಮ್ಮೆ ತೊಳೆದಳು. ಕೆಳಗೆ ಗಾರೆ ಕಲಸುತ್ತಿದ್ದ ಗಂಡಸರು ತಲೆ ತಗ್ಗಿಸಿ ಕಲಸುತ್ತಲೇ ಇದ್ದರು.

ಸಂಜೆ ಮನೆಗೆ ಬಂದಾಗ ಅನುಸೂಯಾ ಅಂಗಳದಲ್ಲಿ ನೀರು ತುಂಬಿದ ಹರವಿಯ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದಳು. ವಾರಗಿತ್ತಿಯ ಮುಖ ನೋಡಿ ಒಂದು ಚೊಂಬು ನೀರು ಚಾಚಿದಳು. ಉಚ್ಚಂಗೆಮ್ಮ ಮುಟ್ಟಲಿಲ್ಲ. ತ್ರಿವೇಣಿಯ ಮೇಲೆ ಬರಬೇಕಾದ ಸಿಟ್ಟೆಲ್ಲ ಆ ಚೊಂಬಿನ ಮೇಲೆ ಬಂತು. ಇವಳ ಮನೆಯಲ್ಲಿ ಹೇಗೆ ನೀರಿರುತ್ತದೆ? ಎಲ್ಲರಿಗೂ ಬರುವ ನಲ್ಲಿಯಲ್ಲೇ ಇವಳಿಗೂ ಬರುವುದು. ಹಾಗಾದರೆ ಇವಳಿಗೆ ಮಾತ್ರ ಹೇಗೆ ಉಳಿಯುತ್ತದೆ?

ಕೆಲವು ದಿನಗಳಾದ ಮೇಲೆ ಸಿದ್ದಲಿಂಗೇಶ್ ಗೇಟಿನ ಹತ್ತಿರ ಶಾಮಿಯಾನ ಹಾಕಿಸಿ ಕೇರಿಯವರನ್ನು ಕರೆಸಿದ. ಅವನ ಪಕ್ಕದ ಕುರ್ಚಿಯಲ್ಲಿ ಒಬ್ಬ ಸಾಹೇಬ ಕೂತಿದ್ದ. ಯಾವ ಆಫೀಸಿನವನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೇರಿಯ ಮೇಲೆ ರಸ್ತೆ ಹಾಯುತ್ತದೆ, ಎಲ್ಲರೂ ಏಳಬೇಕು, ಕಂಪ್ಲಿ ರಸ್ತೆಯ ಆಚೆ ಸೈಟು ಕೊಡುತ್ತಾರೆ ಎಂದ. ಆ ಜಾಗ ಎಲ್ಲರಿಗೂ ಗೊತ್ತಿತ್ತು. ಉಪ್ಪು ಎದ್ದು ಬಿಳಿಚಿದ ಚೌಳು ನೆಲ. ಹುಲ್ಲೂ ಏಳುವುದಿಲ್ಲ. ಜನ ಗೊಣಗಿದರು. ಆಗ ಸಿದ್ದಲಿಂಗೇಶ್ ಎದ್ದು, ದನಿಗೆ ಬೆಣ್ಣೆ ಸವರಿದ.

“ಸೈಟು ಕಡಿಮಿ ಅದಾವು. ಬ್ಯಾರೆ ಕಡೆ ಜಾಗ ಇದ್ದೋರು ಯಾರು, ನೀವ ಹೇಳ್ರಿ. ಇಲ್ಲದೋರಿಗೆ ಅನ್ಯಾಯ ಆಗಬಾರ್ದು ನೋಡ್ರಿ.”

ಅನುಸೂಯಾ ಎರಡನೆಯ ಸಾಲಿನಲ್ಲಿ ಕೂತು, ನೆಲ ನೋಡುತ್ತಿದ್ದಳು. ಅವಳ ಹಿಮ್ಮಡಿಯ ಸೀಳಿನಲ್ಲಿ ಕೆಂಪು ಧೂಳಿತ್ತು. ಉಚ್ಚಂಗೆಮ್ಮ ಅದನ್ನು ನೋಡಿದಳು. ಬಾಯಿ ತಾನಾಗಿ ತೆರೆಯಿತು.

“ಅನುಸೂಯಾಗ ಸಂಡೂರು ಗುಡ್ಡದಾಗ ಹೊಲ ಐತ್ರಿ. ಆಕಿಗೆ ಯಾಕ ಸೈಟು?”

ಸಾಹೇಬ ಪೆನ್ನು ತೆರೆದ. ಸೈಟಿನ ಪಟ್ಟಿಯಿಂದ ಅನುಸೂಯಾಳ ಹೆಸರು ಹೊಡೆದುಹಾಕಿದ. ಹೊಡೆದು ಅಲ್ಲಿಗೇ ನಿಲ್ಲಿಸಲಿಲ್ಲ. ದಾರಿ ಸಿಕ್ಕ ನೀರಿನಂತೆ ಮುಂದಕ್ಕೆ ನುಗ್ಗಿದ. ಯಾರ ಮಗಳನ್ನು ಕಮಲಾಪುರಕ್ಕೆ ಕೊಟ್ಟಿದೆ, ಯಾರ ತಮ್ಮ ಬಳ್ಳಾರಿಯಲ್ಲಿ ಬಾಡಿಗೆಗೆ ಇದ್ದಾನೆ, ಯಾರ ತವರು ಎಲ್ಲಿ ಎಂದು ಕೇಳುತ್ತಾ ಹೋದ. ಮಗಳ ಮನೆಯೂ ಬೇರೆ ಜಾಗವೇ ಆಯಿತು. ಕರೆಮ್ಮನ ಮೊಮ್ಮಗ ಗುತ್ತಿಗೆ ಕೂಲಿಯಾಗಿ ಗಣಿ ಕಂಪನಿಯ ಶೆಡ್ಡಿನಲ್ಲಿ ಮಲಗುತ್ತಾನೆಂದು ಕರೆಮ್ಮನ ಹೆಸರೂ ಹೋಯಿತು. ಕೊನೆಗೆ ಕೇರಿಯ ಅರ್ಧಕ್ಕರ್ಧ ಜನ ಎಲ್ಲಿಯೂ ಇಲ್ಲದವರಾದರು. ಮೊದಲ ಸೈಟು ಉಚ್ಚಂಗೆಮ್ಮನಿಗೇ ಎಂದ ಸಿದ್ದಲಿಂಗೇಶ್. ಖರೇ ಮಾತಾಡುವ ಹೆಂಗಸು ಎಂದು ಹೊಗಳಿದ.

ಅವಳಿಗೆ ಬೇಕಾಗಿದ್ದುದು ಸಿಕ್ಕಿತ್ತು. ಅನುಸೂಯಾಳಿಗಿಂತ ತಾನು ಮುಂದಾಗಿದ್ದಳು. ಮನೆಗೆ ನಡೆಯುವಾಗ ಯಾರೂ ಅವಳ ಜೊತೆಗೆ ಹೆಜ್ಜೆ ಹಾಕಲಿಲ್ಲ. ಓಬಳಪ್ಪ ಕೆಮ್ಮು ನಿಲ್ಲಿಸಿ, ಉಸಿರು ಹಿಡಿದು ಒಂದೇ ಮಾತು ಹೇಳಿದ.

“ಅವರ ಕೆಲ್ಸ ನಿನ್ನ ಬಾಯಿ ಮಾಡ್ತು.”

ಅನುಸೂಯಾ ಜಗಳಕ್ಕೆ ಬರುತ್ತಾಳೆಂದು ಉಚ್ಚಂಗೆಮ್ಮ ಕಾದಳು. ಬಂದಿದ್ದರೆ ಚೆನ್ನಾಗಿತ್ತು. ಕೂದಲು ಹಿಡಿದು ಎಳೆದಾಡಿದ್ದರೆ ಇನ್ನೂ ಚೆನ್ನಾಗಿತ್ತು. ಅವಳು ಬರಲಿಲ್ಲ. ಗೋಡೆಯಾಚೆ ರೊಟ್ಟಿ ತಟ್ಟುವ ಸದ್ದು ಎಂದಿನಂತೆ ಕೇಳಿತು. ಇವಳಿಗೆ ಇದೂ ಒಂದು ಇದೆಯಲ್ಲ, ಈ ಗಟ್ಟಿತನ, ಎಂದು ಉಚ್ಚಂಗೆಮ್ಮನ ಹೊಟ್ಟೆ ಮತ್ತೆ ಉರಿಯಿತು. ಆದರೆ ಈ ಸಲದ ಉರಿಯಲ್ಲಿ ತನ್ನ ಮೈಯೇ ಬೇಯುತ್ತಿತ್ತು.

ಜೆಸಿಬಿ ಬಂದದ್ದು ಬೆಳಗಿನ ಹೊತ್ತು. ಹೆಸರು ಹೊಡೆದವರ ಮನೆಗಳು ಮೊದಲು, ಅದರಲ್ಲೂ ಅನುಸೂಯಾಳದು ಮೊಟ್ಟಮೊದಲು. ಅನುಸೂಯಾ, ಮೂಕಪ್ಪ ಇಬ್ಬರೂ ಗುಡ್ಡಕ್ಕೆ ಹೋಗಿದ್ದರು. ಸಿದ್ದಲಿಂಗೇಶನ ಕಡೆಯವರು ಅದನ್ನು ತಿಳಿದೇ ಬಂದಿದ್ದರು. ಉಚ್ಚಂಗೆಮ್ಮ ಕೊರಳಿಗೆ ಚೀಟಿ ಹಾಕಿಕೊಂಡು ಗೋಡೆಗೆ ನೀರು ಹೊಡೆಯಲು ಹೊರಟಿದ್ದಳು. ಯಂತ್ರ ತನ್ನ ಹಲ್ಲಿನ ಬಾಯಿ ಎತ್ತಿ ಕೇರಿಯ ಸಂದಿಯಲ್ಲಿ ತಿರುಗಿದ್ದನ್ನು ಕಂಡು ನಿಂತಳು. ಕಟ್ಟಿದ್ದ ಆಡುಗಳು ಹಗ್ಗ ಜಗ್ಗಿ ಅರಚಿದವು. ಒಬ್ಬ ಆಳು ಅನುಸೂಯಾಳ ಬಾಗಿಲಿನ ಚಿಲಕ ಮುರಿದು, ಸಾಮಾನು ಹೊರಗೆ ಎಸೆಯತೊಡಗಿದ. ಬೀಜದ ಗಂಟೊಂದು ಬಿಚ್ಚಿ ನವಣೆ ಅಂಗಳದ ತುಂಬ ಚೆಲ್ಲಿತು.

ಅವಳು ಒಳಗೆ ಹೋಗಿ ಜೋಳದ ಡ್ರಮ್ಮಿನ ಮೇಲೆ ಕೂತಳು. ಯೋಚಿಸಿ ಹೋಗಿದ್ದಲ್ಲ. ಕಾಲುಗಳು ತಾವೇ ನಡೆದವು. ಹೋಗುವಾಗ ಕೊರಳ ಚೀಟಿ ಕಿತ್ತು ಹೊಸ್ತಿಲ ಹೊರಗೆ ಎಸೆದಿದ್ದಳು. ಆಳು ಅವಳ ರಟ್ಟೆ ಹಿಡಿದು ಎಳೆದ. ಡ್ರಮ್ಮಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ಬಿಂದಿಗೆ ಹೊತ್ತ ಕೈ. ಬಿಡಲಿಲ್ಲ. ಸಿದ್ದಲಿಂಗೇಶ್ ಬಾಗಿಲಿಗೆ ಬಂದ. ಒಳಗೆ ಕಾಲಿಡಲಿಲ್ಲ.

“ಏಳು ಉಚ್ಚಂಗಿ. ಇದು ನಿನ್ನ ಮನಿ ಅಲ್ಲ.”

“ಗೊತ್ತೈತಿ.”

“ಆಕಿಗೆ ಬ್ಯಾರೆ ಜಾಗ ಐತಿ ಅಂತ ಮಂದಿ ಮುಂದ ನೀನ ಹೇಳಿದ್ದಿ.”

“ಹೇಳೀನಿ. ಹೊಟ್ಟಿಕಿಚ್ಚಿಗೆ ಹೇಳೀನಿ.” ಅವನನ್ನು ಧಣಿ ಎಂದೇ ಕರೆದಿದ್ದ ನಾಲಿಗೆ ಒಂದು ಕ್ಷಣ ತಡೆಯಿತು. “ಸಿದ್ದಲಿಂಗೇಶ, ನಿನಗ ಪ್ಯಾಟಿಯಾಗ ಮಹಡಿ ಮನಿ ಐತಿ. ಕಂಪ್ಲಿಯಾಗ ಗದ್ದಿ ಐತಿ, ರೈಸ್ ಮಿಲ್ಲು ಐತಿ. ಇಲ್ಲಿ ಈ ಲೇಔಟು ಐತಿ. ನಿನ್ನ ಹೆಸ್ರು ಯಾರು ಹೊಡದ್ರು? ಬ್ಯಾರೆ ಕಡೆ ಜಾಗ ಇದ್ದೋರಿಗೆ ಇಲ್ಲಿ ಜಾಗ ಇಲ್ಲಂದ್ರ ಮೊದ್ಲ ನೀ ಏಳು. ನೀ ಎದ್ದ ಮ್ಯಾಲ ನಾ ಏಳ್ತೀನಿ.”

ಹೆಸರು ಹಿಡಿದು ಕರೆಸಿಕೊಂಡವನ ಮುಖ ಕಪ್ಪಿಟ್ಟಿತು. ಡ್ರೈವರಿಗೆ ಕೈ ಮಾಡಿದ. ಯಂತ್ರದ ಬಾಯಿ ಹಿಂಗೋಡೆಗೆ ತಾಗಿತು. ತಗಡು ಗಡಗಡ ಅಂದಿತು, ಮಣ್ಣು ಉದುರಿ ಅವಳ ತಲೆಯ ಮೇಲೆ ಸುರಿಯಿತು. ಕಣ್ಣು ಮುಚ್ಚಿದಳು. ಸಾಯುತ್ತೇನೆ ಅನ್ನಿಸಿತು. ಅದೂ ಅನುಸೂಯಾಳ ಮನೆಯಲ್ಲಿ, ಅನುಸೂಯಾಳ ಜೋಳದ ಮೇಲೆ.

ಬಾಗಿಲಲ್ಲಿ ಗದ್ದಲವಾಯಿತು. ಕರೆಮ್ಮ ಸಿದ್ದಲಿಂಗೇಶನನ್ನು ಮೊಣಕೈಯಿಂದ ಸರಿಸಿ ಒಳಗೆ ಬಂದಳು. ಶಾಮಿಯಾನದ ದಿನದಿಂದ ಉಚ್ಚಂಗೆಮ್ಮನ ಜೊತೆ ಮಾತು ಬಿಟ್ಟಿದ್ದಳು.

“ಅತ್ತ ಸರಿ,” ಅಂದಳು. ಡ್ರಮ್ಮಿನ ಮೇಲೆ ಪಕ್ಕಕ್ಕೆ ಕೂತಳು.

ಅವಳ ಹಿಂದೆ ಉಳಿದ ಹೆಂಗಸರು ಬಂದರು. ಮನೆ ತುಂಬಿತು. ಓಬಳಪ್ಪ ಏದುತ್ತಾ ಬಂದು ಹೊಸ್ತಿಲಿಗೆ ಅಡ್ಡ ಕೂತ. ಡ್ರೈವರು ಇಂಜಿನ್ ಆಫ್ ಮಾಡಿ, ಬೀಡಿ ಹಚ್ಚಿ, ಇಷ್ಟು ಜನರಿರುವ ಮನೆಯನ್ನು ತಾನು ಕೆಡವಲಾರೆ, ಬೇಕಾದರೆ ಧಣಿಯೇ ಹತ್ತಲಿ ಎಂದ. ಯಂತ್ರ ಬಂದ ದಾರಿಯಲ್ಲೇ ವಾಪಸಾಯಿತು.

ಮರುದಿನದಿಂದ ಕೇರಿಯವರು ಯಾರೂ ಲೇಔಟಿನ ಕೆಲಸಕ್ಕೆ ಹೋಗಲಿಲ್ಲ. ಕಟ್ಟುವವರಿಲ್ಲ, ಹೊರುವವರಿಲ್ಲ, ನೀರು ಹೊಡೆಯುವವರಿಲ್ಲ. ಹೊಸಪೇಟೆಯ ಬೇಸಿಗೆ ಯಾರ ಸಿಮೆಂಟಿಗೂ ದಯೆ ತೋರಿಸುವುದಿಲ್ಲ. ತ್ರಿವೇಣಿಯ ಗೋಡೆ ಅಂಗಾಲಿನಂತೆ ಬಿರಿಯಿತು. ಸಿದ್ದಲಿಂಗೇಶ್ ಬೇರೆ ಊರಿನಿಂದ ಟೆಂಪೋದಲ್ಲಿ ಕೂಲಿಯವರನ್ನು ತಂದ. ಹೆಂಗಸರು ಗೇಟಿನಲ್ಲಿ ನಿಂತು ಅವರೊಡನೆ ಮಾತಾಡಿದರು. ಕೆಲವರು ವಾಪಸು ಹೋದರು, ಕೆಲವರು ತಲೆ ತಗ್ಗಿಸಿ ಒಳಗೆ ಹೋದರು. ಪೊಲೀಸರು ಮೂಕಪ್ಪನನ್ನು ಕರೆದೊಯ್ದು, ಕಪಾಳ ಊದಿಸಿ ಕಳಿಸಿದರು.

ಕೂಲಿ ನಿಂತರೆ ಕೇರಿಯ ಒಲೆ ನಿಲ್ಲುತ್ತದೆ, ಹಸಿವಿಗೆ ತಾವಾಗಿಯೇ ಬರುತ್ತಾರೆ ಎಂದು ಸಿದ್ದಲಿಂಗೇಶ್ ನಂಬಿದ್ದ. ಒಲೆ ನಿಲ್ಲಲಿಲ್ಲ. ಗುಡ್ಡದಿಂದ ಮರಳಿದ್ದ ಅನುಸೂಯಾ ಡ್ರಮ್ಮಿನ ಮುಚ್ಚಳ ತೆಗೆದಳು. ಓಡಿಹೋಗಲೆಂದು ವರ್ಷಗಟ್ಟಲೆ ಕೂಡಿಟ್ಟ ಜೋಳ ಕೂತು ಕಾದಾಡಲು ಒದಗಿತು. ಸೇರು ಹಿಡಿದು ಮನೆಮನೆಗೂ ಅಳೆದಳು. ಉಚ್ಚಂಗೆಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಅನುಸೂಯಾ ಅವಳ ಮುಖ ನೋಡದೆ ಅವಳ ಮಡಿಲಿಗೂ ಅಷ್ಟೇ ಅಳೆದಳು. ಒಂದು ಹಿಡಿ ಹೆಚ್ಚಿಲ್ಲ, ಒಂದು ಹಿಡಿ ಕಡಿಮೆಯಿಲ್ಲ.

ಕೇರಿಯೆಲ್ಲ ಅನುಸೂಯಾಳನ್ನು ಹೊಗಳಿತು. ಯಂತ್ರದ ಕೆಳಗೆ ಕೂತವಳು ತಾನು, ಮಣ್ಣು ಬಿದ್ದದ್ದು ತನ್ನ ತಲೆಯ ಮೇಲೆ, ಅನ್ನದಾತೆ ಎನ್ನಿಸಿಕೊಳ್ಳುವವಳು ಅವಳು. ಉಚ್ಚಂಗೆಮ್ಮ ಅದೇ ಜೋಳದ ರೊಟ್ಟಿ ಮುರಿಯುತ್ತಾ ಕುದಿದಳು. ಆದರೂ ಬೆಳಗಾದರೆ ಗೇಟಿಗೆ ಹೋಗಿ ಮುಂದೆ ನಿಲ್ಲುತ್ತಿದ್ದವಳು ಅವಳೇ.

ಮನೆಗಳು ಅರ್ಧಕ್ಕೇ ನಿಂತದ್ದನ್ನು ಕಂಡು ಲೇಔಟಿನಲ್ಲಿ ಸೈಟು ಕೊಂಡವರು ಕೊನೆಗೆ ಸಿದ್ದಲಿಂಗೇಶನ ಮೇಲೆಯೇ ತಿರುಗಿಬಿದ್ದರು. ಮೊದಲು ಗೇಟು ತೆರೆಯಿತು. ಆಮೇಲೆ ಆ ಸಾಹೇಬ ತಾನಾಗಿ ಕೇರಿಗೆ ಬಂದ. ಯಾವ ಆಫೀಸು ಎಂದು ಈ ಸಲ ಕರೆಮ್ಮ ಕೇಳಿದಳು. ಹೊಡೆದ ಹೆಸರುಗಳನ್ನೆಲ್ಲ ಅವನು ತಿರುಗಿ ಬರೆದ. ಕೇರಿಯವರು ಚೌಳು ನೆಲ ಬೇಡವೆಂದರು. ರಸ್ತೆಗೆ ಹತ್ತಿದ ನೆಲವನ್ನೇ ಕೊಡಬೇಕು, ಮನೆಗೆ ಸೂರು ಬಿದ್ದು ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಏಳುವುದು ಎಂದರು. ಸಾಕಷ್ಟು ತಿರುಗಾಡಿಸಿದ ಮೇಲೆ ಅದೂ ಆಯಿತು. ಕೇರಿ ಮಾತ್ರ ಉಳಿಯಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅದರ ಮೇಲೆ ರಸ್ತೆ ಹಾಯಿತು. ಹುಟ್ಟಿದ ನೆಲಕ್ಕೆ ಡಾಂಬರು ಬೀಳುವುದನ್ನು ಉಚ್ಚಂಗೆಮ್ಮ ನೋಡಲು ಹೋಗಲಿಲ್ಲ.

ಹೊಸ ಜಾಗದಲ್ಲಿಯೂ ವಾರಗಿತ್ತಿಯರ ಮನೆಗಳು ಅಕ್ಕಪಕ್ಕವೇ ಬಂದವು. ಮಾತು ಮಾತ್ರ ಇರಲಿಲ್ಲ. ಮುಂಗಾರಿನ ಮೊದಲ ಹದ ಮಳೆಯಾದ ಬೆಳಿಗ್ಗೆ ಅನುಸೂಯಾ ಬುತ್ತಿ ಕಟ್ಟಿಕೊಂಡು ಬಸ್ಸಿಗೆ ನಿಂತಿದ್ದಳು. ಉಚ್ಚಂಗೆಮ್ಮ ಹೋಗಿ ಪಕ್ಕದಲ್ಲಿ ನಿಂತಳು. ಬಾ ಎಂದು ಅವಳು ಕರೆಯಲಿಲ್ಲ, ಬರಲೇ ಎಂದು ಇವಳು ಕೇಳಲಿಲ್ಲ. ಇಬ್ಬರೂ ಸಂಡೂರಿನ ಬಸ್ಸು ಹತ್ತಿದರು.

ಗುಡ್ಡದ ಬುಡ ಮುಟ್ಟಿದಾಗ ಉಚ್ಚಂಗೆಮ್ಮನಿಗೆ ಹೊಲ ಕಾಣಲಿಲ್ಲ. ಎಲ್ಲಿ ಎಂದಳು. ಇದೇ ಎಂದಳು ಅನುಸೂಯಾ. ಬಾವಿಯಿಲ್ಲ. ಮಾವಿನ ಮರವಿಲ್ಲ. ಒಂದು ಜಾಲಿ ಗಿಡ, ಅದರ ಎಲೆಯ ಮೇಲೆಲ್ಲ ಅದಿರಿನ ಧೂಳು. ನಾಲ್ಕು ಮನೆಯ ಅಂಗಳ ಕೂಡಿಸಿದರೆ ಎಷ್ಟೋ ಅಷ್ಟು ಇಳಿಜಾರು, ಅದರ ತುಂಬ ಕಲ್ಲು. ಹಸನಾದದ್ದು ಕಾಲು ಭಾಗವೂ ಇರಲಿಲ್ಲ. ಈ ಕಲ್ಲಿಗಾಗಿ ತಾನು ಇಷ್ಟು ವರ್ಷ ಬೆಂದಿದ್ದಳು. ಉಚ್ಚಂಗೆಮ್ಮನಿಗೆ ನಗು ಬಂತು. ನಗುತ್ತಾ ನಗುತ್ತಾ ಕುಕ್ಕರಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಅನುಸೂಯಾ ಸಮಾಧಾನ ಮಾಡಲಿಲ್ಲ. ಕಲ್ಲು ಎತ್ತುತ್ತಲೇ ಇದ್ದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು.

“ನಿನ್ನ ಮ್ಯಾಲ ನನಗೂ ಹೊಟ್ಟಿಕಿಚ್ಚು ಇತ್ತಕ್ಕ. ನೀ ಹುಟ್ಟಿದ ಊರಾಗ ಇದ್ದಿ. ಹೊದ್ಕೊಂಡು ಗೊರಕಿ ಹೊಡಿತಿದ್ದಿ. ಗ್ವಾಡಿ ಆಚಿಗೆ ನನಗ ಕೇಳ್ತಿತ್ತು. ನಾ ಅಲ್ಲಿಗೆ ಬಂದ ಮ್ಯಾಲ ಒಂದಿನಾನೂ ಹಂಗ ಮಲಗಿಲ್ಲ.”

ತನ್ನಲ್ಲಿಯೂ ಒಬ್ಬರು ಕರುಬುವಂಥದ್ದು ಇತ್ತೆಂದು ಉಚ್ಚಂಗೆಮ್ಮನಿಗೆ ಎಂದೂ ಹೊಳೆದಿರಲಿಲ್ಲ. ಇತ್ತೆಂದು ತಿಳಿಯುವ ಹೊತ್ತಿಗೆ ಅದು ಡಾಂಬರಿನ ಕೆಳಗೆ ಹೋಗಿತ್ತು.

ಕೆಳಗೆ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದವು. ಅದರಾಚೆ, ಹಿಂದಿನ ಸಲ ಬಂದಾಗ ಇರದಿದ್ದ ಹಳದಿ ಬಳಿದ ಗಡಿಕಲ್ಲುಗಳನ್ನು ಅನುಸೂಯಾ ತೋರಿಸಿದಳು.

“ಇಲ್ಲಿಗೂ ಬರ್ತಾರ.”

“ಬರ್ಲಿ,” ಅಂದಳು ಉಚ್ಚಂಗೆಮ್ಮ. “ಈ ಸಲ ಅವರಗಿಂತ ಮೊದ್ಲ ಕುಂತಿರ್ತೀವಿ.”

ಎದ್ದು ಇಳಿಜಾರಿನ ಇನ್ನೊಂದು ತುದಿ ಹಿಡಿದಳು. ಹೊತ್ತೇರುವವರೆಗೆ ಇಬ್ಬರೂ ಕಲ್ಲು ಕಿತ್ತು, ಹೊಟ್ಟೆಗೆ ಆನಿಸಿ ಹೊತ್ತು, ಬದುವಿಗೆ ಒಗೆದರು. ಉಗುರಿನ ಸಂದಿಯಲ್ಲಿ ರಕ್ತ, ಮಣ್ಣು ಕೂಡಿ ಒಂದೇ ಬಣ್ಣವಾದವು. ಬುತ್ತಿ ಬಿಚ್ಚೋಣ ಎಂದು ಅನುಸೂಯಾ ಕೂಗಿದಾಗ ಉಚ್ಚಂಗೆಮ್ಮ ಬೆನ್ನು ನೆಟ್ಟಗೆ ಮಾಡಿ ಆ ಕಡೆ ನೋಡಿದಳು. ಅನುಸೂಯಾಳ ಕಲ್ಲಿನ ರಾಶಿ ತನ್ನದಕ್ಕಿಂತ ಎತ್ತರವಿತ್ತು.

ನೀ ಉಣ್ಣು, ಬರ್ತೀನಿ ಎಂದಳು. ಸೆರಗು ಬಿಗಿದು ಸಿಕ್ಕಿಸಿ, ಎಲ್ಲಕ್ಕಿಂತ ದೊಡ್ಡ ಕಲ್ಲಿನ ಬುಡಕ್ಕೆ ಕೈ ಹಾಕಿದಳು.